ಉಳಿಯದ ಗದ್ದೆ

ಮಂಗಳೂರಿಗೆ ನೆಂಟರು ಬಂದರೆ ತೋರಿಸುವ ಜಾಗಗಳಿಗೆ ಬರವಿಲ್ಲ. ಕದ್ರಿ ದೇವಸ್ಥಾನ, ಸಂತ ಅಲೋಶಿಯಸ್ ಚಾಪೆಲಿನಲ್ಲಿ ಮೊಸ್ಕೇನಿ ಬರೆದ ಚಿತ್ರಗಳು, ಪಿಲಿಕುಳ, ಸಂಜೆಗೆ ಪಣಂಬೂರು ಇಲ್ಲವೇ ತಣ್ಣೀರುಬಾವಿಯ ಕಡಲು. ಅಲ್ಲಿಗೆಲ್ಲ ಯಾರು ಬೇಕಾದರೂ ಕರೆದೊಯ್ಯಬಹುದು. ನನಗೆ ತೀರಾ ಬೇಕಾದವರನ್ನು ನಾನು ಹೊಳೆಗೆ ಕರೆದೊಯ್ಯುತ್ತೇನೆ. ಇದು ಕಡಲಿನ ಊರೆಂದು ಹೊರಗಿನವರು ತಿಳಿದಿರುತ್ತಾರೆ. ಎರಡು ಹೊಳೆಗಳ ಊರೂ ಹೌದೆಂಬುದು ಅವರ ಲಕ್ಷ್ಯಕ್ಕೆ ಬರುವುದಿಲ್ಲ. ತೆಂಕಲಲ್ಲಿ ನೇತ್ರಾವತಿ, ಬಡಗಲಲ್ಲಿ ಫಲ್ಗುಣಿ. ಫಲ್ಗುಣಿಯನ್ನು ನಾವು ಗುರುಪುರ ಹೊಳೆ ಎನ್ನುತ್ತೇವೆ. ಎರಡೂ ಬೆಂಗ್ರೆಯ ಹತ್ತಿರ ಕೂಡಿಕೊಂಡು ಅಳಿವೆಯಲ್ಲಿ ಕಡಲಿಗಿಳಿಯುತ್ತವೆ. ಇಳಿಯುವ ಮೊದಲು, ಘಟ್ಟದಿಂದ ಹೊತ್ತು ತಂದ ಮರಳನ್ನೂ ಮೆಕ್ಕಲನ್ನೂ ನಡುನೀರಿನಲ್ಲಿ ಇಳಿಸಿ ಕುದ್ರುಗಳನ್ನು ಕಟ್ಟುತ್ತವೆ. ಉಳ್ಳಾಲದ ಕಡೆ ಹೋಗುವಾಗ ನೇತ್ರಾವತಿ ಸಂಕದ ಮೇಲಿಂದ ತೆಂಗು ತುಂಬಿದ ಕುದ್ರು ಕಾಣುತ್ತದೆ. 1907ರಲ್ಲಿ ಮಂಗಳೂರಿಗೆ ರೈಲು ಬಂದಂದಿನಿಂದ ಎಷ್ಟು ಜನ ಕಿಟಕಿಯಿಂದ ಆ ಹಸಿರನ್ನು ನೋಡಿಕೊಂಡು ದಾಟಿಹೋಗಿದ್ದಾರೋ. ಇಳಿದು ನೋಡಿದವರು ಕಡಿಮೆ.

ನಾನು ಹೇಳುವ ಕುದ್ರು ಅಲ್ಲಿಂದ ಇನ್ನೂ ಮೇಲಕ್ಕಿದೆ. ಹೆಸರು ಪಾವೂರು ಉಳಿಯ. ಒಂದು ದಡ ಅಡ್ಯಾರು, ಇನ್ನೊಂದು ದಡ ಪಾವೂರು, ಸ್ವಲ್ಪ ಆಚೆಗೆ ಹರೇಕಳ. ಕೊಂಕಣಿ ಮಾತಾಡುವ ಕ್ರೈಸ್ತ ಕುಟುಂಬಗಳೇ ಹೆಚ್ಚಾಗಿರುವ ಪುಟ್ಟ ಊರು. ತೆಂಗಿನ ತೋಟದೊಳಗೆ ಅವರದೊಂದು ಇಗರ್ಜಿ. ನಗರದ ಅಂಗಡಿ, ಆಸ್ಪತ್ರೆ, ಕಾಲೇಜು ಎಲ್ಲ ಕಣ್ಣಳತೆಯ ದೂರದಲ್ಲಿವೆ, ನಡುವೆ ನೀರು. ಮಳೆಗಾಲದಲ್ಲಿ ದೋಣಿಯೇ ಗತಿ. ಮಳೆ ನಿಂತು ಹೊಳೆ ಸೊರಗಿದ ಮೇಲೆ ಊರವರೇ ಸೇರಿ ಅಡ್ಯಾರಿನ ಕಡೆಗೊಂದು ಕಾಲುಸಂಕ ಕಟ್ಟಿಕೊಳ್ಳುತ್ತಾರೆ, ಮುಂದಿನ ಮಳೆಗೆ ಮುಂಚೆ ಬಿಚ್ಚಿ ತೆಗೆದಿಡುತ್ತಾರೆ.

ಕಳೆದ ಜನವರಿಯಲ್ಲಿ ಬೆಂಗಳೂರಿನಿಂದ ತಮ್ಮನ ಮಗಳು ಗಂಡ, ಮಗನೊಂದಿಗೆ ಬಂದಿದ್ದಳು. ಉಡುಪಿಯ ಕೆಮ್ಮಣ್ಣಿನ ಕಡೆಗೆ ಹೋಗಿ, ತೂಗುಸೇತುವೆ ದಾಟಿ, ಕುದ್ರುವಿನಲ್ಲಿ ಕಯಾಕ್ ನಡೆಸಿ ಬಂದಿದ್ದರಂತೆ. "ದೊಡ್ಡಪ್ಪಾ, ನಮ್ಮ ಮಂಗಳೂರಲ್ಲೂ ಹಾಗೇ ಒಂದು ದಿನ ಮಾಡೋಣ. ಅಲ್ಲಿಯವರ ಊಟ, ತೋಟ, ಹಳೇ ಮನೆ, ಎಲ್ಲ ನೋಡಬೇಕು" ಅಂದಳು. ಆ ಮಾತು ಕೇಳಿ ನನಗೆ ನಿಜವಾಗಿ ಸಂತೋಷವಾಯಿತು. ಒಂದು ಜಾಗಕ್ಕೆ ಹೋಗಿ ಅಲ್ಲಿ ಏನು ಬೆಳೆಯುತ್ತಾರೆ, ಏನು ಉಣ್ಣುತ್ತಾರೆ ಎಂದು ಕೇಳುವ ಪ್ರವಾಸಿ ಒಳ್ಳೆಯ ಪ್ರವಾಸಿ. ಉಳಿಯದ ಬಾಯಮ್ಮನಿಗೆ ಫೋನು ಮಾಡಿದೆ.

ಬಾಯಮ್ಮನ ಅತ್ತೆ ನಮ್ಮ ಅಮ್ಮನಿಗೆ ತರಕಾರಿ ತಂದುಕೊಡುತ್ತಿದ್ದವರು. ಅವರನ್ನು ನಾವು ಹಿರಿ ಬಾಯಮ್ಮ ಎನ್ನುತ್ತಿದ್ದೆವು. ನಾವಿದ್ದದ್ದು ಕಂಕನಾಡಿಯಲ್ಲಿ. ಬೆಳಕು ಹರಿಯುವ ಮೊದಲು ದೋಣಿಯಲ್ಲಿ ಅಡ್ಯಾರಿಗೆ ದಾಟಿ, ಅಲ್ಲಿಂದ ಮೊದಲ ಬಸ್ಸಿನಲ್ಲಿ ಮಾರುಕಟ್ಟೆಗೆ ಬರುತ್ತಿದ್ದರು. ಮಾರಾಟ ಮುಗಿದ ಮೇಲೆ ನಮ್ಮ ಜಗಲಿಯಲ್ಲಿ ಕುಳಿತು ಒಂದು ಲೋಟ ಬೆಲ್ಲದ ಕಾಫಿ. ಬುಟ್ಟಿಯಲ್ಲಿ ನಮಗೆಂದೇ ಎತ್ತಿಟ್ಟದ್ದು ಇರುತ್ತಿತ್ತು: ಬಾಳೆನಾರಿನಲ್ಲಿ ಕಟ್ಟಿದ ಅಲಸಂಡೆ ಸೂಡಿ, ಬೇರಿಗೆ ಮರಳು ಅಂಟಿದ ಕೆಂಪು ಹರಿವೆ, ಎಳೆ ಮುಳ್ಳುಸೌತೆ, ಬಸಳೆ. ಕುದ್ರುವಿನ ಹರಿವೆಗೆ ಬೇರೆಯದೇ ಒಂದು ಸಿಹಿ ಎಂದು ಅಮ್ಮ ಹೇಳುತ್ತಿದ್ದರು. ತೊಗರಿಬೇಳೆ ಇಲ್ಲದೆ, ಬರೀ ಬೆಳ್ಳುಳ್ಳಿ ಒಗ್ಗರಣೆಯಲ್ಲಿ ಅದನ್ನು ಬಾಡಿಸಿ ಬಡಿಸುತ್ತಿದ್ದರು. ಅನ್ನ ಕೆಂಪಾಗುವುದನ್ನು ನೋಡುವುದಕ್ಕೇ ನಾವು ಮಕ್ಕಳು ಕಲಸುತ್ತಿದ್ದೆವು. ಬೇಸಿಗೆ ರಜೆ ಬಂದರೆ ಹಿರಿ ಬಾಯಮ್ಮನ ಖಾಲಿ ಬುಟ್ಟಿಯ ಜೊತೆ ನಾವೂ ಬಸ್ಸು ಹತ್ತಿ ಉಳಿಯಕ್ಕೆ ಹೋಗುತ್ತಿದ್ದೆವು.

ಆಗಿನ ಉಳಿಯದಲ್ಲಿ ದೋಣಿ ಇಳಿದರೆ ಮೊದಲು ಸಿಗುತ್ತಿದ್ದದ್ದು ಮರಳಿನ ಇಳಿಜಾರು, ಆಮೇಲೆ ಹುಲ್ಲು, ಆಮೇಲೆ ಗದ್ದೆ. ಗದ್ದೆ ದಾಟಿದ ಮೇಲೆ ತೆಂಗು, ತೆಂಗಿನ ನಡುವೆ ಮನೆ. ಮಳೆಗಾಲದಲ್ಲಿ ಏಣೆಲು ಭತ್ತದ ಬೆಳೆ ಒಂದೇ. ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ತರಕಾರಿ ಸಾಲು ಏಳುತ್ತಿತ್ತು. ಸಗಣಿ, ಬೂದಿ, ತರಗೆಲೆ ಹಾಕಿ ಸುಟ್ಟ ಸುಡುಮಣ್ಣು; ತೆಂಗಿನ ಬುಡಕ್ಕೆ ಬೂತಾಯಿ ಮೀನು ಅಗ್ಗವಾದಾಗ ಅದೂ ಗೊಬ್ಬರ. ಮೂಲೆಯಲ್ಲೊಂದು ತಗ್ಗು ಬಾವಿ. ಬಾವಿ ಎಂದರೆ ಆಳು ಇಳಿಯುವಷ್ಟು ಗುಂಡಿ, ಅಷ್ಟೇ. ಸಂಜೆ ಹಿರಿ ಬಾಯಮ್ಮ, ಅವರ ಗಂಡ, ಆಗ ಹೊಸದಾಗಿ ಮದುವೆಯಾಗಿ ಬಂದಿದ್ದ ನಮ್ಮ ಬಾಯಮ್ಮ, ಮೂವರೂ ಎರಡೆರಡು ಕೊಡಪಾನ ಹಿಡಿದು ಆ ಬಾವಿಗೂ ಸಾಲಿಗೂ ನಡೆಯುತ್ತಿದ್ದರು. ಕತ್ತಲಾಗುವವರೆಗೂ ನಡೆಯುತ್ತಿದ್ದರು.

ಸುತ್ತ ಉಪ್ಪುನೀರು, ನಡುವೆ ಸಿಹಿನೀರು. ಚಿಕ್ಕವನಿದ್ದಾಗ ಇದು ನನಗೆ ದೊಡ್ಡ ಆಶ್ಚರ್ಯ. ಮಾರ್ಚ್ ಏಪ್ರಿಲ್‌ನಲ್ಲಿ ಹೊಳೆಯ ಹರಿವು ಕ್ಷೀಣಿಸಿದಾಗ ಕಡಲಿನ ಉಬ್ಬರ ಇಷ್ಟು ಮೇಲಕ್ಕೂ ಬರುತ್ತಿತ್ತು. ಬಾಯಿಗೆ ಹಾಕಿದರೆ ಹೊಳೆ ಉಪ್ಪು. ಬಾವಿ ಮಾತ್ರ ಸಿಹಿ. ಅದರ ಮರ್ಮ ಕುದ್ರುವಿನ ಮರಳಿನಲ್ಲಿದೆ. ನಾಲ್ಕು ತಿಂಗಳ ಮಳೆ ಮರಳಿನೊಳಗೆ ಇಂಗಿ ನಿಲ್ಲುತ್ತದೆ. ಸಿಹಿನೀರು ಹಗುರ, ಉಪ್ಪುನೀರು ಭಾರ. ಹಗುರದ್ದು ಭಾರದ್ದರ ಮೇಲೆ ತೇಲಿಕೊಂಡು ಕುದ್ರುವಿನ ಹೊಟ್ಟೆಯಲ್ಲಿ ಕೂತಿರುತ್ತದೆ. ಕುದ್ರು ಅಗಲವಾದಷ್ಟೂ ಆ ನೀರಿನ ಪದರ ದಪ್ಪ. ಅದಕ್ಕೇ ಬಾವಿಯನ್ನು ಆಳ ತೋಡುತ್ತಿರಲಿಲ್ಲ. ಆಳಕ್ಕೆ ಹೋದರೆ ಉಪ್ಪು. ಈ ಲೆಕ್ಕವನ್ನು ಹಿರಿ ಬಾಯಮ್ಮನಿಗೆ ಯಾವ ಭೂಗರ್ಭಶಾಸ್ತ್ರವೂ ಕಲಿಸಿರಲಿಲ್ಲ. ಬೇಸಿಗೆಯಲ್ಲಿ ಒಂದೇ ಸಲ ಜಾಸ್ತಿ ನೀರು ಎತ್ತಬಾರದೆಂದು ಅವರು ಕೊಡ ಎಣಿಸುತ್ತಿದ್ದರು.

ಈ ಸಲ ನಾವು ಹೋದಾಗ ಕಾಲುಸಂಕ ಇತ್ತು. ಆದರೂ ಹುಡುಗನಿಗೆ ದೋಣಿಯೇ ಬೇಕೆಂದು ಹಟ, ದೋಣಿಯಲ್ಲೇ ದಾಟಿದೆವು. ಇಳಿದ ಕೂಡಲೇ ತೆಂಗು. ಇಳಿಜಾರಿಲ್ಲ, ಹುಲ್ಲಿಲ್ಲ, ಗದ್ದೆ ಇಲ್ಲ. ದಡ ಗೋಡೆಯಷ್ಟು ಕಡಿದಾಗಿದೆ; ಮಣ್ಣಿನೊಳಗಿಂದ ತೆಂಗಿನ ಬೇರು ಬರಿಗಾಳಿಗೆ ಇಳಿಬಿದ್ದಿದೆ. ಕೆಲವು ಮರಗಳು ಹೊಳೆಯ ಕಡೆಗೆ ಬಾಗಿವೆ. ಬಾಯಮ್ಮ ಮರಗಳ ನಡುವೆ ನಿಂತು ಕಾಯುತ್ತಿದ್ದರು. ಎಂಬತ್ತರ ಹತ್ತಿರ ವಯಸ್ಸು. ಮಗ ಕುವೈತಿನಲ್ಲಿ, ಸೊಸೆ, ಮೊಮ್ಮಕ್ಕಳು ಶಾಲೆಗೆಂದು ಅಡ್ಯಾರಿನಲ್ಲಿ ಬಾಡಿಗೆ ಮನೆ ಮಾಡಿದ್ದಾರೆ. "ಬಾ ಮಗಾ, ಬಾ ಮಗಳೇ, ಕಾಲು ನೋಡಿ ಇಡಿ, ಅಂಚಿಗೆ ಹೋಗಬೇಡಿ" ಅಂದರು. ಹಿಂದೆ ಈ ಕುದ್ರುವಿನಲ್ಲಿ ಅಂಚಿಗೆ ಹೋಗಬೇಡಿ ಎಂದು ಯಾರೂ ಯಾವ ಮಗುವಿಗೂ ಹೇಳಿದ್ದು ನಾನು ಕೇಳಿಲ್ಲ. ಅಂಚೇ ನಮ್ಮ ಆಟದ ಜಾಗವಾಗಿತ್ತು.

"ಗದ್ದೆ ಎಲ್ಲಿ?" ಎಂದು ತಮ್ಮನ ಮಗಳು ಕೇಳಿದಳು. ಅವಳ ಅಪ್ಪ ಹೇಳಿದ ಕತೆಗಳಲ್ಲೆಲ್ಲ ಗದ್ದೆ ಇತ್ತಲ್ಲ. ಹೊಳೆ ತಿಂದಿತು ಎಂದು ನಾನು ಹೇಳುವಷ್ಟರಲ್ಲಿ ಬಾಯಮ್ಮ ತಡೆದರು. "ಹೊಳೆಯ ಮೇಲೆ ಯಾಕೆ ಹೇಳುವುದು? ಹೊಳೆ ನೂರು ವರ್ಷ ಬಂದುಹೋಯಿತು."

ಅದು ನಿಜ. 1923ರ ದೊಡ್ಡ ನೆರೆಯನ್ನು ಹಿರಿ ಬಾಯಮ್ಮ ಕಂಡಿದ್ದರು. 1974ರ ಜುಲೈಯಲ್ಲಿ ಬಂಟ್ವಾಳ ಪೇಟೆಯೇ ಮುಳುಗಿದ ನೆರೆಯನ್ನು ನಮ್ಮ ಬಾಯಮ್ಮ ಕಂಡವರು. ಆಗ ಮನೆಯೊಳಗೆ ನೀರು ನುಗ್ಗಿ, ಅಟ್ಟದಲ್ಲಿ ಮಕ್ಕಳನ್ನೂ ಅಕ್ಕಿಯನ್ನೂ ಇಟ್ಟುಕೊಂಡು ಕೂತಿದ್ದರಂತೆ. ಹೊಳೆಯಲ್ಲಿ ದನ, ಹುಲ್ಲಿನ ಮೆದೆ, ಮನೆಯ ಮಾಡು ತೇಲಿಹೋದವಂತೆ. ಆದರೆ ನೀರಿಳಿದ ಮೇಲೆ ಗದ್ದೆಯ ಮೇಲೆ ಮೊಣಕಾಲುದ್ದ ಹೊಸ ಮೆಕ್ಕಲು. ಆ ವರ್ಷದ ಬೇಸಿಗೆಯ ಸೌತೆಕಾಯಿಯನ್ನು ಎರಡು ಕೈಯಲ್ಲಿ ಎತ್ತಬೇಕಿತ್ತು ಎಂದು ಬಾಯಮ್ಮ ಇವತ್ತಿಗೂ ಹೇಳುತ್ತಾರೆ. ನೆರೆ ತೆಗೆದುಕೊಂಡದ್ದಕ್ಕಿಂತ ಕೊಟ್ಟದ್ದು ಹೆಚ್ಚೆಂಬ ನಂಬಿಕೆಯ ಮೇಲೆ ಕುದ್ರುವಿನ ಬೇಸಾಯ ನಿಂತಿತ್ತು.

ಗದ್ದೆಯನ್ನು ತಿಂದದ್ದು ಮರಳಿನ ಆಸೆ. ಮೊದಲು ಮರಳು ತೆಗೆಯುತ್ತಿದ್ದದ್ದು ಕೈಯಲ್ಲಿ. ಇಳಿತದ ಹೊತ್ತಿಗೆ ದಿಬ್ಬ ಎದ್ದ ಕಡೆ ದೋಣಿ ನಿಲ್ಲಿಸಿ ಬುಟ್ಟಿಯಲ್ಲಿ ತುಂಬುತ್ತಿದ್ದರು. ಮುಂದಿನ ಮಳೆಗೆ ಹೊಳೆ ಆ ತಗ್ಗನ್ನು ತುಂಬಿಬಿಡುತ್ತಿತ್ತು. ನಗರ ಎತ್ತರಕ್ಕೆ ಬೆಳೆಯತೊಡಗಿದ ಮೇಲೆ ಲೆಕ್ಕ ತಪ್ಪಿತು. ಕರಾವಳಿ ನಿಯಂತ್ರಣ ವಲಯದ ಹೊಳೆಗಳಲ್ಲಿ ದೋಣಿ ಓಡಾಟಕ್ಕೆ ಅಡ್ಡವಾದ ಮರಳು ದಿಬ್ಬಗಳನ್ನು ಕೈಯಿಂದ ಮಾತ್ರ ತೆಗೆಯಬೇಕು, ಯಂತ್ರ ಇಳಿಸಕೂಡದು ಎಂದು ನಿಯಮವಿದೆ. ರಾತ್ರಿ ಹೊತ್ತು ಹೊಳೆಯಲ್ಲಿ ಯಂತ್ರದ ಸದ್ದು ಕೇಳುತ್ತದೆ ಎಂದು ಉಳಿಯದವರು ದೂರು ಕೊಟ್ಟಿದ್ದಾರೆ, ಪ್ರತಿಭಟನೆಗೆ ಕೂತಿದ್ದಾರೆ, ಪತ್ರಿಕೆಗಳಲ್ಲಿ ಬಂದಿದೆ. ಕುದ್ರುವಿನ ಪಕ್ಕದಲ್ಲಿ ಆಳವಾದ ಗುಂಡಿ ತೋಡಿದರೆ ಏನಾಗುತ್ತದೆಂದು ಮಕ್ಕಳಿಗೂ ಅರ್ಥವಾಗುತ್ತದೆ: ಗೋಣಿಚೀಲದ ತಳ ಹರಿದರೆ ಅಕ್ಕಿ ಸುರಿಯುವಂತೆ ದಡದ ಮರಳು ನೀರಿನಡಿಯಲ್ಲೇ ಆ ಗುಂಡಿಗೆ ಜಾರುತ್ತದೆ. ಮೇಲೆ ಏನೂ ಗೊತ್ತಾಗುವುದಿಲ್ಲ. ಹುಲ್ಲು ಹಸಿರಾಗಿಯೇ ಇರುತ್ತದೆ. ಆಷಾಢದ ನೆರೆ ಬಂದ ಒಂದು ರಾತ್ರಿ ಗದ್ದೆಯ ಬದು ಒಟ್ಟಿಗೇ ಕೆಳಗೆ ಕೂರುತ್ತದೆ. ಬೆಳಿಗ್ಗೆ ಪತ್ರಿಕೆಯವರು ನೆರೆಗೆ ಕುಸಿಯಿತು ಎಂದು ಬರೆಯುತ್ತಾರೆ.

ಜಾಗ ಹೋಗುವುದರಲ್ಲಿ ಎಷ್ಟೋ ಬಗೆ ಉಂಟು. ಕಂಕನಾಡಿಯ ನಮ್ಮ ಹಳೆ ಮನೆ ಹೋಯಿತು. ಅಲ್ಲಿ ಈಗ ಬೇರೆ ಕಟ್ಟಡ. ನಾನು ಹೋಗಿ ಅದರ ಗೇಟಿನ ಮುಂದೆ ನಿಂತು, ಇಲ್ಲಿ ಜಗಲಿ ಇತ್ತು, ಇಲ್ಲಿ ಪೇರಳೆ ಮರ ಇತ್ತು ಎಂದು ಬೆರಳು ತೋರಿಸಬಹುದು. ಜಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನವರು ಶುರುಮಾಡಿದ ಹೆಂಚಿನ ಕಾರ್ಖಾನೆ, ಆಮೇಲೆ ಈ ಹೊಳೆಗಳ ದಂಡೆಯಲ್ಲಿ ಎದ್ದ ಹತ್ತಾರು ಕಾರ್ಖಾನೆಗಳು, ಅವಕ್ಕೆ ದೋಣಿಯಲ್ಲಿ ಬರುತ್ತಿದ್ದ ಆವೆಮಣ್ಣು, ಎಲ್ಲ ಹೋದರೂ ಒಂದೊಂದು ಚಿಮಣಿ, ಒಂದೊಂದು ಗೋಡೆ ಗುರುತಿಗೆ ಉಳಿದವು. ಕುದ್ರುವಿನ ಗದ್ದೆಗೆ ಗುರುತಿಲ್ಲ. ಬಾಯಮ್ಮನ ಪಟ್ಟೆ ಪುಸ್ತಕದಲ್ಲಿ ಅದರ ಸರ್ವೆ ನಂಬರು ಇರಬಹುದು. ಅದರ ಮೇಲೆ ಈಗ ಮೀನುದೋಣಿ ಹೋಗುತ್ತದೆ.

ಮೊಂತಿ ಹಬ್ಬದ ಮಾತು ಬಂದಾಗ ಈ ನಷ್ಟದ ಆಳ ನನಗೆ ತಟ್ಟಿತು. ಸೆಪ್ಟೆಂಬರ್ 8 ಮಾತೆ ಮರಿಯಮ್ಮನ ಹುಟ್ಟುಹಬ್ಬ, ಕರಾವಳಿಯ ಕ್ರೈಸ್ತರಿಗೆ ಅದು ಹೊಸ ಅಕ್ಕಿಯ ಹಬ್ಬವೂ ಹೌದು. ಉಳಿಯದಿಂದ ಮೇಲಕ್ಕೆ, ಇದೇ ನೇತ್ರಾವತಿಯ ದಂಡೆಯ ಫರಂಗಿಪೇಟೆಯಲ್ಲಿ ಮೊಂತೆ ಮರಿಯಾನೊ ಇಗರ್ಜಿ ಇದೆ. ಅಲ್ಲಿದ್ದ ಜೋಕಿಂ ಮಿರಾಂಡ ಎಂಬ ಪಾದ್ರಿಗಳು 1763ರಲ್ಲಿ ಈ ಹಬ್ಬವನ್ನು ಇಲ್ಲಿ ಆರಂಭಿಸಿದರೆಂದು ಹೇಳುತ್ತಾರೆ. ಒಂಬತ್ತು ದಿನ ಮಕ್ಕಳು ತಟ್ಟೆ ತುಂಬ ಹೂ ತಂದು ಬಾಲ ಮರಿಯಮ್ಮನ ಮೂರ್ತಿಗೆ ಎರಚುತ್ತಾರೆ. ಹಬ್ಬದ ದಿನ ಇಗರ್ಜಿಯಲ್ಲಿ ತೆನೆಗೆ ಆಶೀರ್ವಾದ, ಮನೆಗೊಂದು ತೆನೆ. ಅದರ ಕಾಳು ಸುಲಿದು, ಪುಡಿಮಾಡಿ, ಪಾಯಸದಲ್ಲೋ ಹಾಲಿನಲ್ಲೋ ಬೆರೆಸಿ ಎಲ್ಲರೂ ಹಂಚಿಕೊಂಡು ಉಣ್ಣಬೇಕು. ಅಂದು ಮೀನು ಮಾಂಸ ಇಲ್ಲ, ಬಾಳೆಲೆಯ ಮೇಲೆ ಬರೀ ತರಕಾರಿ. ದೂರದಲ್ಲಿರುವ ಮಕ್ಕಳಿಗೂ ಒಂದೆರಡು ಕಾಳು ಅಂಚೆಯಲ್ಲಿ ಹೋಗುತ್ತದೆ. ನಮ್ಮ ಮನೆಯಲ್ಲೂ ತೆನೆ ತಂದು ಬಾಗಿಲಿಗೆ, ಪಡಸಾಲೆಗೆ, ಅಕ್ಕಿ ಮುಡಿಗೆ ಕಟ್ಟುವ ದಿನವಿದೆ. ಹಿರಿ ಬಾಯಮ್ಮ ಹಬ್ಬ ಕಳೆದು ಮಾರುಕಟ್ಟೆಗೆ ಬರುವಾಗ ತಮ್ಮ ಗದ್ದೆಯದೇ ಒಂದು ಹಿಡಿ ತೆನೆ ನಮ್ಮ ಅಮ್ಮನಿಗೆ ತರುತ್ತಿದ್ದರು. ಎರಡು ಮನೆಯ ದೇವರಿಗೂ ಒಂದೇ ಗದ್ದೆಯ ತೆನೆ.

"ಈಗ ಎಲ್ಲಿಂದ?" ಎಂದು ಕೇಳಿದೆ.

"ಆಚೆ ದಡದವರು ಕೊಡುತ್ತಾರೆ. ಅವರಿಗೂ ಗದ್ದೆ ಕಡಿಮೆ ಆಯ್ತು, ದೂರದಿಂದ ತರಿಸುತ್ತಾರೆ. ದೋಣಿಯಲ್ಲಿ ಬರುತ್ತದೆ ತೆನೆ." ಸ್ವಲ್ಪ ಹೊತ್ತು ಬಿಟ್ಟು, "ದೋಣಿಯಲ್ಲಿ ಹೋಗುತ್ತಿತ್ತು, ಈಗ ದೋಣಿಯಲ್ಲಿ ಬರುತ್ತದೆ" ಅಂದರು.

ಕರಾವಳಿಯ ಈ ಕ್ರೈಸ್ತರ ಹಿರಿಯರನ್ನು 1784ರಲ್ಲಿ ಟಿಪ್ಪುವಿನ ಸೈನ್ಯ ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಿತ್ತು. ದಾರಿಯಲ್ಲಿ ಸತ್ತವರೆಷ್ಟೋ. 1799ರ ಅನಂತರ ಬದುಕಿ ಉಳಿದವರು ತಿರುಗಿ ಬಂದರು, ಮತ್ತೆ ಇಗರ್ಜಿ ಕಟ್ಟಿದರು, ಮತ್ತೆ ಉತ್ತರು. ಬಂದಾಗ ಅವರ ಭೂಮಿ ಹಾಳುಬಿದ್ದಿತ್ತು, ಎಷ್ಟೋ ಕಡೆ ಬೇರೆಯವರ ಕೈ ಸೇರಿತ್ತು. ಆದರೂ ಭೂಮಿ ಇದ್ದಲ್ಲೇ ಇತ್ತು, ಕಾಲೂರಲು ನೆಲವಿತ್ತು. ಉಳಿಯದಿಂದ ಅಡ್ಯಾರಿಗೋ ಕುವೈತಿಗೋ ಹೋದ ಹುಡುಗರು ಮನಸ್ಸು ಮಾಡಿ ತಿರುಗಿ ಬಂದರೆ ಎಲ್ಲಿ ಉಳಬೇಕು? ಊರು ಬಿಟ್ಟು ಹೋದರು ಎಂದು ಅವರನ್ನು ಆಕ್ಷೇಪಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಇಲ್ಲಿ ಊರೇ ಜನರನ್ನು ಬಿಟ್ಟು ನೀರಿಗಿಳಿದಿದೆ.

ಮಧ್ಯಾಹ್ನ ಬಾಯಮ್ಮ ಮರುವಾಯಿ ಪುಂಡಿ ಮಾಡಿದ್ದರು. ಅದನ್ನು ಉಂಡು ತಿಳಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಕುಚ್ಚಲಕ್ಕಿ ನೆನೆಹಾಕಿ, ತೆಂಗಿನಕಾಯಿ ಜೊತೆ ತರಿತರಿಯಾಗಿ ರುಬ್ಬಿ, ಒಲೆಯ ಮೇಲೆ ಗಟ್ಟಿ ಮಾಡಿ, ಗೋಲಿಯಷ್ಟು ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಬೇಕು. ಬೇರೆ ಪಾತ್ರೆಯಲ್ಲಿ ಕೊತ್ತಂಬರಿ, ಜೀರಿಗೆ, ಮೆಂತೆ, ಒಣಮೆಣಸು, ಬೆಳ್ಳುಳ್ಳಿ, ಹುಳಿಯ ಮಸಾಲೆ. ಅದರಲ್ಲಿ ಅರ್ಧ ಚಿಪ್ಪು ತೆಗೆದ ಮರುವಾಯಿ. ಕೊನೆಗೆ ಉಂಡೆಗಳನ್ನು ಅದರೊಳಗೆ ಬಿಟ್ಟರೆ, ಪುಂಡಿ ರಸ ಹೀರಿಕೊಂಡು ಒಳಗಿನವರೆಗೂ ಖಾರವಾಗುತ್ತದೆ. ಬೆಂಗಳೂರಿನ ಹುಡುಗ ಚಿಪ್ಪು ಚೀಪುವುದನ್ನು ಕಲಿತು ಎರಡನೇ ಸಲ ಕೇಳಿ ಹಾಕಿಸಿಕೊಂಡ. ಜೊತೆಗೆ ಪಾನ್ ಪೊಳೊ, ಒಣ ಸಿಗಡಿ ಹಾಕಿದ ಬಸಳೆ, ಅಲಸಂಡೆ ಪಲ್ಯ.

ಮೊದಲು ಮರುವಾಯಿ ಹೆಕ್ಕಲು ನಾವೂ ಹೋಗುತ್ತಿದ್ದೆವು. ಇಳಿತದ ಹೊತ್ತಿಗೆ ಗದ್ದೆಯಾಚೆಯ ತಗ್ಗಿನಲ್ಲಿ ಸೊಂಟದುದ್ದ ನೀರಿಗಿಳಿದು ಅಂಗಾಲಲ್ಲಿ ಮರಳನ್ನು ತಡವಬೇಕು. ಗಟ್ಟಿ ಏನೋ ತಾಗಿದರೆ ಮುಳುಗಿ ತೆಗೆಯಬೇಕು. ಮನೆಗೆ ತಂದು ನೀರಿನಲ್ಲಿಟ್ಟರೆ ಬೆಳಗಾಗುವಷ್ಟರಲ್ಲಿ ಒಳಗಿನ ಮರಳನ್ನು ತಾವೇ ಉಗುಳಿರುತ್ತವೆ. ಉಂಡ ಮೇಲೆ ಚಿಪ್ಪು ರಾಶಿ ಹಾಕಿ ಸುಟ್ಟರೆ ಸುಣ್ಣ. ಗೋಡೆಗೂ ಎಲೆಯಡಿಕೆಗೂ ಅದೇ. ಮರುವಾಯಿಗೆ ಪೂರ್ತಿ ಸಿಹಿಯೂ ಅಲ್ಲದ, ಪೂರ್ತಿ ಉಪ್ಪೂ ಅಲ್ಲದ ನೀರು ಬೇಕು. ಕಲಕದ ಮರಳಿನ ಹಾಸು ಬೇಕು. ಮರಳನ್ನೇ ಬಗೆದ ಮೇಲೆ ಅದು ಎಲ್ಲಿ ಕೂರಬೇಕು? ಹರೇಕಳ ಅಡ್ಯಾರುಗಳ ನಡುವೆ ಉಪ್ಪುನೀರು ತಡೆಯುವ ಕಿಂಡಿ ಅಣೆಕಟ್ಟು, ಅದರ ಮೇಲೆ ಸೇತುವೆ ಬಂದಿದೆ. ದೋಣಿಗೆ ಕಾಯುತ್ತಿದ್ದ ಹರೇಕಳದವರಿಗೆ ಅದರಿಂದ ದೊಡ್ಡ ಉಪಕಾರವಾಗಿದೆ, ಬಾವಿಗಳಿಗೂ ಒಳ್ಳೆಯದೇ. ಹೊಳೆ ಮಾತ್ರ ನಾವು ಕಾಲಿಟ್ಟ ಹೊಳೆಯಾಗಿ ಉಳಿದಿಲ್ಲ.

ಆ ದಿನದ ಎಲೆಯಲ್ಲಿ ಮರುವಾಯಿ ಮಂಗಳೂರು ಮಾರುಕಟ್ಟೆಯದು. ಅಕ್ಕಿ ಅಡ್ಯಾರಿನ ಅಂಗಡಿಯ ಚೀಲದ್ದು. ಬಾಯಮ್ಮ ಯಾವುದನ್ನೂ ಮುಚ್ಚಿಡದೆ ಹೇಳಿದರು. ತೆಂಗಿನಕಾಯಿ, ಬಸಳೆ, ಅಲಸಂಡೆ ಮನೆಯದು. ಕೈರುಚಿ ಹಿರಿ ಬಾಯಮ್ಮನದೇ, ಒಂದು ಕಾಳಿನಷ್ಟೂ ವ್ಯತ್ಯಾಸವಿಲ್ಲ. ಊಟ ಅಷ್ಟು ಚೆನ್ನಾಗಿದ್ದದ್ದಕ್ಕೇ ನನಗೆ ಗಂಟಲು ಕಟ್ಟಿತು. ಪಾಕ ಉಳಿಯುತ್ತದೆ; ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ, ಬೇಕಾದರೆ ಕುವೈತಿನ ಅಡುಗೆಮನೆಗೂ ಹೋಗುತ್ತದೆ. ಅದನ್ನು ಹುಟ್ಟಿಸಿದ ಗದ್ದೆ, ಬಾವಿ, ಮರಳಿನ ಹಾಸು ಹಾಗೆ ಹೋಗಲಾರವು. ಊಟದ ಪರಂಪರೆ ಎಂದು ನಾವು ಹೆಮ್ಮೆಯಿಂದ ಹೇಳುವಾಗ ಪಾಕವನ್ನಷ್ಟೇ ಎಣಿಸಿಕೊಂಡು ನೆಲವನ್ನು ಬಿಟ್ಟುಬಿಡುತ್ತಿದ್ದೇವೆ.

ಊಟದ ಮೇಲೆ ದೋಣಿಯವನಿಗೆ ಹೇಳಿ ಕುದ್ರುವಿಗೆ ಪೂರ್ತಿ ಒಂದು ಸುತ್ತು ಹಾಕಿಸಿದೆ. ಇಳಿತದ ಹೊತ್ತು, ಕಡಿದ ದಡ ಬುಡದವರೆಗೆ ಕಾಣುತ್ತಿತ್ತು. ಮೇಲೆ ಒಂದು ಪದರ ಕಪ್ಪು ಮಣ್ಣು, ಕೆಳಗೆ ಮರಳು, ಅದರ ಕೆಳಗೆ ಮತ್ತೆ ಮೆಕ್ಕಲು. ಯಾವುದೋ ಹಳೆಯ ನೆರೆ ಬಿಟ್ಟುಹೋದ ಮಣ್ಣಿರಬೇಕು. ಅಳಿಯ ಇಂಜಿನಿಯರು, ಅವನು ಮಾತಿಲ್ಲದೆ ನೋಡುತ್ತ ಕೂತಿದ್ದ, ಆಮೇಲೆ ತಡೆಗೋಡೆಯ ವಿಷಯ ಕೇಳಿದ. ಕಲ್ಲಿನ ಗೋಡೆ ಕಟ್ಟಬಹುದು, ಊರವರು ಅದನ್ನು ಕೇಳುತ್ತಲೂ ಇದ್ದಾರೆ. ಆದರೆ ಬುಡದ ಮರಳು ಹೋಗುತ್ತಲೇ ಇದ್ದರೆ ಗೋಡೆಯೂ ಜಾರುತ್ತದೆ. ಮೊದಲು ನಿಲ್ಲಬೇಕಾದದ್ದು ರಾತ್ರಿಯ ಯಂತ್ರ.

ಕುದ್ರು ಪ್ರವಾಸ ಈಗ ಕರಾವಳಿಯಲ್ಲಿ ಬೆಳೆಯುತ್ತಿದೆ. ಬೆಳೆಯಲಿ, ಅದರಿಂದ ನಾಲ್ಕು ಮನೆಗೆ ದುಡಿಮೆ ಸಿಗಲಿ. ಬಂದವರಿಗೆ ಊಟ ಹಾಕುವ ಮೊದಲು ಈ ಸುತ್ತು ಹಾಕಿಸಬೇಕೆಂಬುದು ನನ್ನ ಬೇಡಿಕೆ. ಕಡಿದ ದಡದ ಮುಂದೆ ದೋಣಿ ನಿಲ್ಲಿಸಿ, ಗದ್ದೆ ಎಲ್ಲಿಯವರೆಗೆ ಇತ್ತೆಂದು ಅಲ್ಲಿಯವರ ಬಾಯಿಂದಲೇ ಹೇಳಿಸಬೇಕು. ಇಷ್ಟು ಜನ ನೋಡುವ ಹೊಳೆಯಲ್ಲಿ ಕದ್ದು ಮರಳು ತೆಗೆಯುವುದು ಅಷ್ಟು ಸುಲಭವಾಗಲಾರದು.

ಹೊರಡುವಾಗ ತಮ್ಮನ ಮಗಳು ಬಾಯಮ್ಮನ ಕೈಗೆ ದುಡ್ಡು ಕೊಡಲು ಹೋದಳು. ಊಟದ್ದೆಂದು ತಿಳಿದು ಬಾಯಮ್ಮ ಕೈ ಹಿಂದಕ್ಕೆ ತೆಗೆದುಕೊಂಡರು. "ಮನೆಗೆ ಬಂದವರ ಹತ್ತಿರ ಅನ್ನಕ್ಕೆ ದುಡ್ಡು ತೆಗೊಳ್ಳುತ್ತಾರಾ ಮಗಳೇ?" ಆಮೇಲೆ ಒಳಗೆ ಹೋಗಿ, ಬಾಳೆನಾರಿನಲ್ಲಿ ಕಟ್ಟಿದ ಎರಡು ಸೂಡಿ ಅಲಸಂಡೆ, ಒಂದು ಕಟ್ಟು ಹರಿವೆ ತಂದಿಟ್ಟರು. ಅದಕ್ಕೆ ದುಡ್ಡು ತೆಗೆದುಕೊಂಡರು. ಕಂಕನಾಡಿ ಮಾರುಕಟ್ಟೆಯ ಆ ದಿನದ ದರ ಅವರಿಗೆ ಬಾಯಿಪಾಠವಿತ್ತು. ಅದರಲ್ಲಿ ಒಂದು ರೂಪಾಯಿಯನ್ನೂ ನನಗಾಗಿ ಬಿಡಲಿಲ್ಲ, ಚಿಲ್ಲರೆಯನ್ನೂ ಎಣಿಸಿ ತಿರುಗಿ ಕೊಟ್ಟರು.